‘ಬಾಯಿ ಗಟ್ಟಿ’ ಎನ್ನುವವರ ಕೈ

ಹೆಸರಘಟ್ಟದ ಕಡೆ ಹೋಗಿ, ದೇವನಹಳ್ಳಿ ಕಡೆ ಹೋಗಿ, ಸರ್ಜಾಪುರದಾಚೆ ಹೋಗಿ, ಕುದುರೆ ಸವಾರಿ ಕಲಿಸುವ ಯಾವ ಲಾಯದಲ್ಲಾದರೂ ಅರ್ಧ ದಿನ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಬಾಯಿ ಗಟ್ಟಿ ಸಾರ್ ಇದಕ್ಕೆ. ಈ ಲಗಾಮು ಸಾಲಲ್ಲ.” ಹೇಳುವವನು ಕುದುರೆ ನೋಡಿಕೊಳ್ಳುವ ಸೈಸ್ ಆಗಿರಬಹುದು, ಕೋಚ್ ಆಗಿರಬಹುದು, ಈಚೆಗಷ್ಟೇ ಕುದುರೆ ಕೊಂಡ ಹೊಸ ಮಾಲೀಕನಾಗಿರಬಹುದು. ಯಾರೂ ಎದುರು ಮಾತಾಡುವುದಿಲ್ಲ. ಗೋಡೆಯ ಮೊಳೆಯಿಂದ ಇನ್ನೂ ಭಾರದ, ಇನ್ನೂ ಉದ್ದ ಕಡ್ಡಿಯ ಕಡಿವಾಣವೊಂದು ಕೆಳಗಿಳಿಯುತ್ತದೆ.

ಈ ಒಂದು ಮಾತಿನ ಬೆನ್ನಿಗೆ ಹಲವು ನಂಬಿಕೆಗಳಿವೆ. ರೇಸಿನಲ್ಲಿ ಓಡಿದ ಕುದುರೆ ಆಗಲೇ ಪಳಗಿದ್ದು, ಅದಕ್ಕೆ ಮತ್ತೆ ಓನಾಮದಿಂದ ಕಲಿಸಬೇಕಾಗಿಲ್ಲ. ಹೇಳಿದ್ದು ಕೇಳದಿದ್ದರೆ ಅದು ಹಟ. ಹಟಕ್ಕೆ ಮದ್ದು ಗಟ್ಟಿ ಲೋಹ, ಗಟ್ಟಿ ಕೈ. ಯಜಮಾನ ಯಾರೆಂದು ಮೊದಲ ವಾರದಲ್ಲೇ ತೋರಿಸದಿದ್ದರೆ ಆಮೇಲೆ ತಲೆಯ ಮೇಲೆ ಕೂರುತ್ತದೆ. ಜೀನು ಅಂದರೆ ಸವಾರ ಕೂರುವ ಪೀಠ, ಸವಾರನಿಗೆ ಹಿತವಾಗಿದ್ದರೆ ಸಾಕು. ಇವುಗಳಲ್ಲಿ ಒಂದೂ ನಿಜವಲ್ಲ ಎಂಬುದು ನನ್ನ ವಾದ. ನಿಜವಲ್ಲದಿದ್ದರೂ ಇವೆಲ್ಲ ಬಾಳಿಕೊಂಡು ಬಂದಿರುವುದು ಬರೀ ಅನುಕೂಲದಿಂದ. ಸವಾರನ ಕೈಯ ತಪ್ಪು, ಜೀನಿನ ತಪ್ಪು, ಕೊಡಬೇಕಾದ ಸಮಯ ಕೊಡದ ತಪ್ಪು, ಎಲ್ಲವನ್ನೂ ಕುದುರೆಯ ಗುಣದ ಲೆಕ್ಕಕ್ಕೆ ಬರೆದುಬಿಟ್ಟರೆ ಲಗಾಮೊಂದನ್ನು ಬಿಟ್ಟು ಬೇರೇನನ್ನೂ ಬದಲಾಯಿಸುವ ಕಷ್ಟವಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಮೊದಲು ‘ಪಳಗಿದ ಕುದುರೆ’ಯ ವಿಚಾರ. ನಮ್ಮ ಕಡೆಯ ಸವಾರಿ ಶಾಲೆಗಳಿಗೆ ಬರುವ ಕುದುರೆಗಳಲ್ಲಿ ದೊಡ್ಡ ಪಾಲು ಬೆಂಗಳೂರು, ಮೈಸೂರಿನ ರೇಸ್ ಅಂಗಳಗಳಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಅದರಲ್ಲಿ ತಪ್ಪೇನೂ ಇಲ್ಲ. ಅವುಗಳಿಗೂ ಎರಡನೆಯ ಬದುಕು ಬೇಕು. ಆದರೆ ಅವು ಕಲಿತು ಬಂದಿರುವುದೇನು? ಒಂದೂವರೆ ವರ್ಷದ ಆಸುಪಾಸಿನಲ್ಲಿ ಬೆನ್ನಿಗೆ ಜೀನು ಬಿದ್ದಿದೆ, ಎರಡು ವರ್ಷಕ್ಕೆಲ್ಲ ಓಟ ಶುರುವಾಗಿದೆ. ಮೇಲೆ ಕೂತವನು ಐವತ್ತು ಚಿಲ್ಲರೆ ಕಿಲೋದ ಜಾಕಿ, ಅದೂ ಗಿಡ್ಡ ರಿಕಾಪಿನಲ್ಲಿ ನಿಂತು, ಬೆನ್ನಿಗೆ ಪೃಷ್ಠ ತಾಗಿಸದೆ. ಜಾಕಿ ಲಗಾಮು ಬಿಗಿಹಿಡಿದಾಗ ಕುದುರೆ ಆ ಬಿಗಿತಕ್ಕೆ ಒರಗಿಕೊಂಡು, ಅದನ್ನೇ ಆಸರೆ ಮಾಡಿಕೊಂಡು ಓಡುತ್ತದೆ. ಹಾಗೆ ಓಡಬೇಕೆಂದೇ ಅದಕ್ಕೆ ಕಲಿಸಲಾಗಿದೆ. ಸವಾರನ ಕಾಲು ಪಕ್ಕೆಗೆ ತಾಗಿದರೆ ಏನರ್ಥ ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ರೇಸಿನ ಸವಾರಿಯಲ್ಲಿ ಕಾಲು ತಾಗುವುದೇ ಅಪರೂಪ. ಬಳುಕಿ ತಿರುಗುವುದನ್ನೂ, ಒಂಟಿಯಾಗಿ ಹೊರಗೆ ಹೋಗುವುದನ್ನೂ, ಹತ್ತುವವನಿಗಾಗಿ ಅಲುಗದೆ ನಿಲ್ಲುವುದನ್ನೂ ಯಾರೂ ಕಲಿಸಿಲ್ಲ. ಜಾಕಿಯನ್ನು ನಡೆಯುತ್ತಿರುವ ಕುದುರೆಯ ಮೇಲೆಯೇ ಕಾಲು ಹಿಡಿದು ಎತ್ತಿ ಕೂರಿಸುವುದು ಅಲ್ಲಿನ ರೂಢಿ.

ಈ ಪ್ರಾಣಿಯನ್ನು ನಾಲ್ಕೈದು ವರ್ಷಕ್ಕೆ ಕಡಿಮೆ ಬೆಲೆಗೆ ತಂದು, ಎಂಬತ್ತು ಕಿಲೋದ, ಶನಿವಾರ ಭಾನುವಾರದ ಸವಾರನೊಬ್ಬನನ್ನು ಅದರ ಬೆನ್ನಿನ ಮೇಲೆ ಪೂರ್ತಿ ಕೂರಿಸುತ್ತಾರೆ. ಕುದುರೆ ಸ್ವಲ್ಪ ವೇಗ ಹಿಡಿದರೆ ಆತ ಹೆದರಿ ಲಗಾಮು ಜಗ್ಗುತ್ತಾನೆ. ಕುದುರೆಗೆ ಗೊತ್ತಿರುವ ಭಾಷೆಯಲ್ಲಿ ಅದರ ಅರ್ಥ ‘ಓಡು’ ಎಂದು, ಅದು ಓಡುತ್ತದೆ. ಇನ್ನೂ ಜಗ್ಗುತ್ತಾನೆ, ಇನ್ನೂ ಓಡುತ್ತದೆ. ಇಳಿದ ಮೇಲೆ ತೀರ್ಪು: ಬಾಯಿ ಗಟ್ಟಿ. ಸವಾರಿಯ ಲೆಕ್ಕದಲ್ಲಿ ಈ ಕುದುರೆ ಹಸಿ ಕುದುರೆ. ಅಷ್ಟೇ ಅಲ್ಲ, ಏನೂ ಕಲಿಯದ ಮರಿಗಿಂತ ಒಂದು ಹೆಜ್ಜೆ ಹಿಂದಿದೆ, ಏಕೆಂದರೆ ಹೊಸದು ಕಲಿಸುವ ಮೊದಲು ಹಳೆಯದನ್ನು ಮರೆಸಬೇಕು. ಅನುಭವಿಗಳು ಇದನ್ನು ಒಪ್ಪುತ್ತಾರೆ, ಆದರೆ ಖಾಸಗಿಯಾಗಿ. ಮಾರುವ ಹೊತ್ತಿಗೆ ಅದೇ ಕುದುರೆ ‘ರೆಡಿ ಟು ರೈಡ್’ ಆಗಿಬಿಡುತ್ತದೆ.

ಇನ್ನು ಆ ಬಾಯಿ. ಕುದುರೆಯ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಜಾಗವಿದೆ. ಕಡಿವಾಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ ಮತ್ತು ಕೆಳದವಡೆಯ ಮೂಳೆಯ ಅಂಚಿನ ಮೇಲೆ. ಆ ಅಂಚು ಚೂಪು; ಅದರ ಮೇಲೆ ಮಾಂಸವಿಲ್ಲ, ತೆಳುವಾದ ಒಸಡಿನ ಹೊದಿಕೆಯಷ್ಟೆ, ಕೆಳಗೆ ನೇರ ಮೂಳೆ. ಬೆರಳಿಟ್ಟು ಒತ್ತಿದರೆ ಗೊತ್ತಾಗುತ್ತದೆ. ಜಗ್ಗಾಟದಲ್ಲಿ ಆ ಮೂಳೆ ಜಜ್ಜಿ, ಮೇಲೆ ಮೂಳೆಯ ಮುಳ್ಳು ಬೆಳೆಯುವುದೂ ಉಂಟು. ಇಂಥ ಜಾಗ ‘ಗಟ್ಟಿ’ಯಾಗುವುದು ಹೇಗೆ? ಅಂಗೈಯಂತೆ ದಡ್ಡುಗಟ್ಟುವ ಚರ್ಮ ಅಲ್ಲಿಲ್ಲ. ಕುದುರೆ ಮಾಡುವುದು ಬೇರೆ ಕೆಲಸ: ನೋವನ್ನು ತಪ್ಪಿಸಿಕೊಳ್ಳಲು ನಾಲಿಗೆಯನ್ನು ಹಿಂದಕ್ಕೆಳೆಯುತ್ತದೆ, ಬಾಯಿ ತೆರೆಯುತ್ತದೆ, ತಲೆ ಆಕಾಶಕ್ಕೆತ್ತುತ್ತದೆ, ಇಲ್ಲವೇ ಗದ್ದವನ್ನು ಎದೆಗೆ ತಂದು ಕಡಿವಾಣದ ಹಿಂದೆ ಅಡಗುತ್ತದೆ. ಯಾವುದೂ ಕೆಲಸ ಮಾಡದಾಗ ಓಡುತ್ತದೆ. ಬೇಟೆಗೆ ಸಿಕ್ಕದಂತೆ ಬದುಕಿಬಂದ ಪ್ರಾಣಿಗೆ ನೋವಿನಿಂದ ಪಾರಾಗುವ ಉಪಾಯ ಅದೊಂದೇ. ನೋವು ಹೆಚ್ಚಿಸಿದರೆ ನಿಲ್ಲುತ್ತದೆ ಎಂದುಕೊಂಡವರು ಈ ಸರಳ ಲೆಕ್ಕವನ್ನೇ ತಲೆಕೆಳಗೆ ಹಿಡಿದಿದ್ದಾರೆ.

ಹಲ್ಲಿನ ಕಥೆ ಇನ್ನೊಂದು. ಎರಡೂವರೆ ವರ್ಷದಿಂದ ನಾಲ್ಕೂವರೆ ವರ್ಷದೊಳಗೆ ಕುದುರೆಗೆ 24 ಹಾಲುಹಲ್ಲುಗಳು ಉದುರಿ ಖಾಯಂ ಹಲ್ಲುಗಳು ಬರುತ್ತವೆ. ಅಂದರೆ ನಾವು ಬಾಯಿಯ ಬಗ್ಗೆ ತೀರ್ಪು ಕೊಡುವ ವಯಸ್ಸಿನಲ್ಲಿ ಆ ಬಾಯಿ ದಿನವೂ ನೋಯುತ್ತಿರಬಹುದು. ಇದರ ಮೇಲೆ, ಮೇಲ್ದವಡೆಯ ಮೊದಲ ಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಏಳುವ ಪುಟ್ಟ ತೋಳಹಲ್ಲು ಕಡಿವಾಣಕ್ಕೆ ತಗಲುತ್ತಿದ್ದರೆ ಆ ಕುದುರೆ ತಲೆ ಒದರದೆ ಏನು ಮಾಡೀತು? ಪಶುವೈದ್ಯರನ್ನು ಕರೆಸಿ ಬಾಯಿ ತೆರೆಸಿ ನೋಡುವ ಖರ್ಚು ಹೊಸ ಲಗಾಮಿನ ಬೆಲೆಗಿಂತ ಹೆಚ್ಚೇನಲ್ಲ. ಆದರೂ ಜನ ಮೊದಲು ಹೋಗುವುದು ಅಂಗಡಿಗೆ.

ಅಂಗಡಿಯಲ್ಲಿ ಸಿಗುವುದು ಸನ್ನೆಕೋಲು. ಉದ್ದ ಕಡ್ಡಿಯ ಕಡಿವಾಣದಲ್ಲಿ ಬಾಯಿಯ ಮೇಲಿನ ಭಾಗ 4 ಸೆಂಟಿಮೀಟರ್, ಕೆಳಗಿನದು 12 ಸೆಂಟಿಮೀಟರ್ ಇದ್ದರೆ, ಸವಾರ ಒಂದು ಕಿಲೋ ಜಗ್ಗಿದ್ದು ಗದ್ದದ ಸರಪಳಿಗೆ ಮೂರರ ಲೆಕ್ಕದಲ್ಲಿ ತಲುಪುತ್ತದೆ. ಆಸನ ಇನ್ನೂ ಕುದುರದ ಸವಾರ ತನ್ನ ಸಮತೋಲಕ್ಕೇ ಲಗಾಮು ಹಿಡಿದು ನೇತಾಡುವವನು; ಅವನ ಕೈಗೆ ಇದನ್ನು ಕೊಡುವುದು ಯಾವ ಜಾಣತನ? ಎಲ್ಲಕ್ಕಿಂತ ಕೆಟ್ಟದ್ದು ಮುಳ್ಳಿನ ಕಡಿವಾಣ, ಮದುವೆ ಮೆರವಣಿಗೆಯ ಕುದುರೆಗಳಿಗೆ ಉತ್ತರ ಭಾರತದಲ್ಲಿ ಹಾಕುವ ಕಾಂಟಾ ಲಗಾಮು. ಅದು ಬರೀ ಕ್ರೂರವಲ್ಲ, ಅಪರಾಧ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1965ರಲ್ಲೇ ಆದ ಕೇಂದ್ರದ ನಿಯಮಗಳು ಮುಳ್ಳು, ಗುಬುಟು, ಚೂಪು ತುದಿಗಳಿರುವ ಕಡಿವಾಣವನ್ನು ನಿಷೇಧಿಸಿವೆ. ಆರು ದಶಕಗಳ ನಂತರವೂ ಅದು ಮಾರಾಟಕ್ಕಿದೆ, ಕೊಳ್ಳುವವರಿದ್ದಾರೆ.

ಇಲ್ಲಿ ಎದುರು ಪಕ್ಷದವರು ಪರಂಪರೆಯ ಮಾತು ತೆಗೆಯುತ್ತಾರೆ. “ಅಶ್ವದಳದವರು ಸನ್ನೆಕೋಲಿನ ಕಡಿವಾಣವನ್ನೇ ಹಾಕುತ್ತಿದ್ದರು. ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ಗಿಂತ ನಿಮಗೆ ಹೆಚ್ಚು ಗೊತ್ತೋ?” ಇಲ್ಲ. ಆದರೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಈಟಿ ಹಿಡಿದು ನುಗ್ಗಿದ ಸವಾರನಿಗೆ ಲಗಾಮಿಗೆ ಉಳಿದದ್ದು ಒಂದೇ ಕೈ. ಒಂದೇ ಕೈಯಲ್ಲಿ, ಬೆರಳ ಅಲುಗಾಟದಲ್ಲಿ ಹೇಳುವುದನ್ನೆಲ್ಲ ಹೇಳಬೇಕಾದವನಿಗೆ ಸನ್ನೆಕೋಲು ಬೇಕು, ಪೂರ್ತಿ ಕಲಿತ ಕುದುರೆಯ ಮೇಲೆ. ಅಶ್ವದಳಗಳು ಹೊಸ ಕುದುರೆಗೆ ಮೊದಲು ಹಾಕುತ್ತಿದ್ದುದು ಸನ್ನೆಕೋಲಿಲ್ಲದ ಸಾದಾ ಕಡಿವಾಣ, ಅಂದರೆ ಸ್ನಾಫಲ್; ಸನ್ನೆಕೋಲು ಆಮೇಲಿನದು. ಇಂದಿನ ಡ್ರೆಸಾಜ್ ಸವಾರಿ ಸ್ಪರ್ಧೆಗಳಲ್ಲೂ ಸ್ನಾಫಲ್, ಸನ್ನೆಕೋಲು ಎರಡೂ ಇರುವ ಜೋಡಿ ಲಗಾಮು ಮೇಲಿನ ತರಗತಿಗಳ ವಸ್ತು. ಕೊನೆಯ ಮೆಟ್ಟಿಲಿನದನ್ನು ತಂದು ಮೊದಲ ಮೆಟ್ಟಿಲಿಗಿಟ್ಟು ಪರಂಪರೆ ಎಂದು ಹೆಸರಿಟ್ಟರೆ ಆ ರಾವುತರಿಗೇ ಅವಮಾನ.

ಹಳೆಯದನ್ನೇ ಕೇಳುವುದಾದರೆ ಇನ್ನೂ ಹಿಂದಕ್ಕೆ ಹೋಗೋಣ. ಈಗಿನ ಟರ್ಕಿಯ ಹತ್ತೂಸದಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಮಿತನ್ನಿ ರಾಜ್ಯದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಪಾಠಗಳಿವೆ, ಮೂರು ಸಾವಿರ ವರ್ಷಕ್ಕೂ ಹಳೆಯವು. ಸುತ್ತುಗಳ ಎಣಿಕೆಗೆ ಅವನು ಬಳಸುವ ‘ಐಕ’, ‘ತೇರ’, ‘ಪಂಜ’ ನಮ್ಮ ಕಿವಿಗೆ ನೆಂಟಸ್ತಿಕೆಯವು. ರಥದ ಕುದುರೆಗೆ ಅವನು ಹಾಕಿಕೊಟ್ಟ ವೇಳಾಪಟ್ಟಿ ಸುಮಾರು ಏಳು ತಿಂಗಳಿನದು. ಅದರ ತುಂಬ ಇರುವುದು ನಡಿಗೆ, ಓಟ, ಮೇವು, ನೀರು, ಸ್ನಾನ, ವಿಶ್ರಾಂತಿಯ ಲೆಕ್ಕ. ಅಥೆನ್ಸಿನ ಕ್ಸೆನೊಫನ್ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಬರೆದಾಗ, ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಬೇಡ ಎಂದ, ಬಲವಂತಕ್ಕೆ ಮಾಡಿದ್ದು ಚೆಂದವಾಗದು ಎಂದ. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಅದೇ ಕ್ಸೆನೊಫನ್ ನಯದ ಕಡಿವಾಣದ ಜೊತೆ ಚೂಪಾದ ಇನ್ನೊಂದನ್ನೂ ಇಟ್ಟುಕೊಳ್ಳಲು ಹೇಳಿದ್ದಾನೆ. ಪ್ರಾಚೀನರೆಲ್ಲ ದಯಾಮಯಿಗಳಾಗಿರಲಿಲ್ಲ. ಅವನ ಬಾಯಿಂದ ಅರ್ಧ ಮಾತು ಮಾತ್ರ ಕಿತ್ತುಕೊಳ್ಳುವ ಮೃದುವಾದಿಗಳಿಗೂ ಇದು ತಿಳಿದಿರಲಿ.

ನಮ್ಮ ನೆಲದಲ್ಲೇ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದಾಗ ಕುದುರೆಗೂ ಕುದುರೆಯಾಟಕ್ಕೂ ಅದರಲ್ಲಿ ಜಾಗ ಕೊಟ್ಟಿದ್ದಾನೆ. ಅರಸನೊಬ್ಬ ಕೂತು ಬರೆಯಬೇಕಾದಷ್ಟು ದೊಡ್ಡ ವಿದ್ಯೆ ಅದು. ಮುಂದೆ ವಿಜಯನಗರದ ಕಾಲಕ್ಕೆ ಬಂದರೆ ಚಿತ್ರ ಬೇರೆ. ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹಡಗು ಹಡಗು ಕುದುರೆ ಹೊರ್ಮುಜಿನಿಂದ ನಮ್ಮ ಕರಾವಳಿಗೆ ಬಂದಿಳಿಯುತ್ತಿತ್ತು. ಯುದ್ಧ, ಹವೆ, ರೋಗ ಎಲ್ಲ ಸೇರಿ ಕುದುರೆ ಖರ್ಚಾಗುವ ಸರಕಾಗಿದ್ದ ಕಾಲ ಅದು. ಹೋದರೆ ಇನ್ನೊಂದು ಬರುತ್ತದೆ ಎನ್ನುವಲ್ಲಿ ಬೇಗ ಬಗ್ಗಿಸಿ ಬೇಗ ಬಳಸುವ ಪದ್ಧತಿ ಹುಟ್ಟುತ್ತದೆ. ರಾಜ್ಯ ಹೋಯಿತು, ದಂಡು ಹೋಯಿತು. ಆತುರ ಮಾತ್ರ ಉಳಿದು, ಈಗ ಅದಕ್ಕೆ ಶಾಸ್ತ್ರದ ಪೋಷಾಕು.

‘ಯಜಮಾನ ಯಾರೆಂದು ತೋರಿಸು’ ಎಂಬ ಉಪದೇಶದ ಗತಿ ಏನಾಗುತ್ತದೆ ಎಂಬುದನ್ನು ಇಡೀ ಜಗತ್ತು 2021ರ ಆಗಸ್ಟಿನಲ್ಲಿ ಟಿವಿಯಲ್ಲಿ ನೋಡಿತು. ಟೋಕಿಯೊ ಒಲಿಂಪಿಕ್ಸಿನ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸವಾರರಿಗೆ ಚೀಟಿ ಎತ್ತಿ ಅಪರಿಚಿತ ಕುದುರೆ ಕೊಡುತ್ತಿದ್ದರು. ಪರಿಚಯಕ್ಕೆ 20 ನಿಮಿಷ. ಮುಂಚೂಣಿಯಲ್ಲಿದ್ದ ಜರ್ಮನ್ ಆಟಗಾರ್ತಿಗೆ ಸಿಕ್ಕ ಸೇಂಟ್ ಬಾಯ್ ಎಂಬ ಕುದುರೆ ಹೆದರಿ ಮುಂದೆ ಹೆಜ್ಜೆ ಇಡಲೊಲ್ಲದು. ಬೇಲಿಯಾಚೆ ನಿಂತ ಕೋಚ್ ‘ಹೊಡಿ, ಜೋರಾಗಿ ಹೊಡಿ’ ಎಂದು ಕೂಗಿದ್ದು, ತಾನೇ ಮುಷ್ಟಿಯಿಂದ ಗುದ್ದಿದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಪದಕ ಹೋಯಿತು, ಕೋಚ್ ಕ್ರೀಡಾಕೂಟದಿಂದ ಹೊರಗೆ ಹೋದರು, ಕೊನೆಗೆ 2024ರ ಪ್ಯಾರಿಸ್ ನಂತರ ಆ ಆಟದಿಂದ ಕುದುರೆ ಸವಾರಿಯೇ ಹೋಯಿತು. ಅದೇ ಕ್ರೀಡಾಕೂಟದಲ್ಲಿ, ಅದೇ ವಾರ, ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯ ಈವೆಂಟಿಂಗ್‌ನಲ್ಲಿ ಫೈನಲ್ ತಲುಪಿ 23ನೆಯವರಾದರು. ಅವರ ಕುದುರೆ ಮೆಡಿಕಾಟ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಅವರಿಗೆ ಬೆಳ್ಳಿ ತಂದುಕೊಟ್ಟ ಕುದುರೆಯೇ. ಇಪ್ಪತ್ತು ನಿಮಿಷದ ಎದುರು ಮೂರು ವರ್ಷಕ್ಕೂ ಮೀರಿದ ಒಡನಾಟ. ‘ಅವರದು ಬೇರೆ ಮಟ್ಟ’ ಎಂದು ಇದನ್ನು ಪಕ್ಕಕ್ಕೆ ತಳ್ಳುವವರು ಪೆಂಟಾಥ್ಲಾನ್‌ನ ಆಟಗಾರ್ತಿಯೂ ಒಲಿಂಪಿಕ್ ಮಟ್ಟದವಳೇ ಎಂಬುದನ್ನು ಮರೆಯುತ್ತಾರೆ.

ಕಲಿಸುವುದು ಹೇಗೆ ಹಾಗಾದರೆ? ಇದರಲ್ಲಿ ಗುಟ್ಟೇನಿಲ್ಲ. ಕುದುರೆಯ ಪಕ್ಕ ನೆಲದ ಮೇಲೇ ನಿಂತು, ಒಂದು ಕಡೆಯ ಲಗಾಮನ್ನು ಎರಡು ಬೆರಳಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವುದಕ್ಕೂ ಕಡಿಮೆ ಒತ್ತಡ ಕೊಟ್ಟು ಸುಮ್ಮನಿರಿ. ಕುದುರೆ ಮೊದಲು ತಲೆ ಎತ್ತಿ ನೋಡುತ್ತದೆ. ಒತ್ತಡ ಹೋಗಲಿಲ್ಲ. ಮುಂದಕ್ಕೆ ತಳ್ಳುತ್ತದೆ, ಹೋಗಲಿಲ್ಲ. ಹಿಂದಕ್ಕೊಂದು ಹೆಜ್ಜೆ, ಕಿವಿ ಅತ್ತ ಇತ್ತ, ಬಾಲದ ಒಂದು ಬೀಸು. ಕೈಯ ಒತ್ತಡ ಹೆಚ್ಚಿಸಬಾರದು, ಕಡಿಮೆಯೂ ಮಾಡಬಾರದು. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ದವಡೆ ಸಡಿಲಿ ಮೂತಿ ಒಂದಂಗುಲ ನಿಮ್ಮ ಕಡೆ ಬರುತ್ತದೆ. ಆ ಕ್ಷಣಕ್ಕೆ ಲಗಾಮು ಕೈಯಿಂದ ಪೂರ್ತಿ ಜಾರಬೇಕು. ಒಂದೆರಡು ಸೆಕೆಂಡ್ ತಡವಾದರೆ, ಅಷ್ಟರಲ್ಲಿ ತಲೆ ಮತ್ತೆ ಮೇಲೇರಿದ್ದರೆ, ಅದು ಕಲಿತದ್ದು ತಲೆ ಎತ್ತುವುದನ್ನು. ಕುದುರೆಗೆ ಪಾಠವಾಗುವುದು ಒತ್ತಡ ತೆಗೆದ ಕ್ಷಣದಲ್ಲಿ ಅದು ಏನು ಮಾಡುತ್ತಿತ್ತೋ ಅದು. ಇದರ ಎದುರಿಗೆ ನಮ್ಮ ಸಾಮಾನ್ಯ ಸವಾರಿ ಪಾಠವನ್ನು ಇಟ್ಟು ನೋಡಿ: ಗಂಟೆಯುದ್ದಕ್ಕೂ ಎರಡೂ ಲಗಾಮು ಬಿಗಿ, ಜೊತೆಗೆ ಹಿಮ್ಮಡಿಯ ಗುದ್ದು. ಬಾಯಿಯಲ್ಲಿ ‘ನಿಲ್ಲು’, ಪಕ್ಕೆಯಲ್ಲಿ ‘ನಡೆ’. ಯಾವುದಕ್ಕೂ ಬಿಡುಗಡೆಯಿಲ್ಲ. ಹೀಗೆ ಒಂದು ತಿಂಗಳಾದರೆ ಕುದುರೆ ಎರಡನ್ನೂ ಕೇಳುವುದು ಬಿಡುತ್ತದೆ. ಅದಕ್ಕೆ ಹಟ ಎಂದು ಹೆಸರು.

ಬಾಯಿ ತೆರೆಯದಂತೆ ಮೂಗುಪಟ್ಟಿ ಬಿಗಿಯುವುದು ಇದೇ ಜಾತಿಯ ಜಾಣತನ. ಬಾಯಿ ತೆರೆಯುವುದು ದೂರು. ದೂರು ಕೊಡುವ ಬಾಯಿ ಕಟ್ಟಿದರೆ ದೂರಿಲ್ಲ. ಮೂಗಿನ ಮೂಳೆಯ ಮೇಲೆ, ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಹೋಗಬೇಕೆಂಬುದು ಹಳೆಯ ನಿಯಮ. ಅದನ್ನು ಕೆನ್ನೆಯ ಪಕ್ಕದ ಮೆತ್ತನೆಯ ಜಾಗದಲ್ಲಿ ಅಳೆದು ತೃಪ್ತಿಪಡುವವರ ಕಾಟ ಎಷ್ಟಾಯಿತೆಂದರೆ, ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2025ರಲ್ಲಿ ಅದಕ್ಕೆಂದೇ ಒಂದು ಅಳತೆಪಟ್ಟಿಯನ್ನು ಜಾರಿಗೆ ತರಬೇಕಾಯಿತು.

ಇನ್ನೊಂದು ತುದಿಯಲ್ಲಿ ನಿಂತವರಿಗೂ ಎರಡು ಮಾತು. ಕಡಿವಾಣವೇ ಪಾಪ, ಕುದುರೆಯನ್ನು ಪ್ರೀತಿಯಿಂದ ಗೆಲ್ಲಬೇಕು ಎನ್ನುವ ಪಂಥ ಈಗ ಬೆಳೆದಿದೆ. ಅಮೆರಿಕದ ಮಾಂಟಿ ರಾಬರ್ಟ್ಸ್ ಜನಪ್ರಿಯಗೊಳಿಸಿದ ‘ಜಾಯಿನ್ ಅಪ್’, ದುಂಡನೆಯ ಅಂಗಳದಲ್ಲಿ ಕುದುರೆಯನ್ನು ಓಡಿಸಿ, ಕೊನೆಗೆ ಅದು ತಾನಾಗಿ ನಿಮ್ಮ ಹಿಂದೆ ಬರುವಂತೆ ಮಾಡುವುದು, ಇವರ ಪಾಲಿಗೆ ಪವಾಡ. ಅದೂ ಒತ್ತಡ ಮತ್ತು ಬಿಡುಗಡೆಯೇ. ಓಡಿಸುವುದು ಒತ್ತಡ, ಓಡಿಸುವುದನ್ನು ನಿಲ್ಲಿಸುವುದು ಬಿಡುಗಡೆ. ಸರಿಯಾಗಿ ಮಾಡಿದರೆ ಒಳ್ಳೆಯದೇ, ಆದರೆ ಪ್ರೇಮಕಥೆಯಲ್ಲ. ಕಡಿವಾಣವಿಲ್ಲದ ಹ್ಯಾಕಮೋರ್‌ಗೂ ಉದ್ದ ಕಡ್ಡಿಗಳಿದ್ದರೆ ಅದು ಮೂಗಿನ ತೆಳು ಮೂಳೆಯನ್ನು ಅಷ್ಟೇ ನಿಷ್ಠುರವಾಗಿ ಒತ್ತುತ್ತದೆ. ದಪ್ಪ ಕಡಿವಾಣ ಮೃದು ಎಂಬುದೂ ಇಂಥದೇ ಅರೆನಂಬಿಕೆ: ಥರೋಬ್ರೆಡ್‌ನ ಬಾಯಿ ಚಿಕ್ಕದು, ಒಳಗೆಲ್ಲ ನಾಲಿಗೆಯೇ ತುಂಬಿರುತ್ತದೆ, ದಪ್ಪ ಲೋಹಕ್ಕೆ ಅಲ್ಲಿ ಜಾಗವೇ ಇಲ್ಲ. ಸಾಧಾರಣ ದಪ್ಪದ, ಎರಡು ಕೀಲಿನ, ಬಾಯಿಯ ಅಗಲಕ್ಕಿಂತ ಒಂದು ಸೆಂಟಿಮೀಟರಿನಷ್ಟು ಮಾತ್ರ ಹೆಚ್ಚಿರುವ ಸಾದಾ ಸ್ನಾಫಲ್ ಸಾಕು. ಉಳಿದದ್ದು ಕೈಯ ಕೆಲಸ.

ಜೀನಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಹೆಚ್ಚು, ಏಕೆಂದರೆ ಇಲ್ಲಿ ಕ್ರೌರ್ಯದ ಉದ್ದೇಶ ಯಾರಿಗೂ ಇರುವುದಿಲ್ಲ. ಇರುವುದು ಬರೀ ಅಸಡ್ಡೆ. ನಗರದಂಚಿನ ಒಂದು ಲಾಯದಲ್ಲಿ ಕೆಂಪು ಬಣ್ಣದ ಹೆಣ್ಣು ಕುದುರೆಯೊಂದಿತ್ತು. ಜೀನು ಕಂಡರೆ ಕಿವಿ ಹಿಂದಕ್ಕೆ, ಹೊಟ್ಟೆಪಟ್ಟಿ ಬಿಗಿದರೆ ಕಚ್ಚಲು ಬರುತ್ತಿತ್ತು, ಹತ್ತಿದ ಮೇಲೆ ಬೆನ್ನು ಬಿಲ್ಲಾಗಿಸಿ ಒದೆಯುತ್ತಿತ್ತು. ‘ಬಜಾರಿ’ ಎಂದು ಹೆಸರಿಟ್ಟಿದ್ದರು. ಅಲ್ಲಿನ ಎಲ್ಲ ಕುದುರೆಗಳ ಬೆನ್ನಿಗೂ ಸರದಿಯಲ್ಲಿ ಏರುತ್ತಿದ್ದ ಜೀನೇ ಅದಕ್ಕೂ. ಒಂದು ಗಂಟೆಯ ಪಾಠ ಮುಗಿದು ಜೀನು ಇಳಿಸಿದಾಗ ಬೆನ್ನೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆದರೆ ವಿದರ್ಸ್‌ನ, ಅಂದರೆ ಕತ್ತು ಬೆನ್ನು ಕೂಡುವ ದಿಬ್ಬದ ಎರಡೂ ಮಗ್ಗುಲಿಗೆ ಅಂಗೈಯಗಲದ ಎರಡು ಜಾಗ ಖಟಕ್ಕೆಂದು ಒಣಗಿತ್ತು. ಅಲ್ಲೇ, ಕೆಂಪು ಕೂದಲ ನಡುವೆ ಬಿಳಿ ಕೂದಲ ಚುಕ್ಕೆಗಳು. ಒಣಗಿದ ಜಾಗವೆಂದರೆ ಅಲ್ಲಿ ಒತ್ತಡ ಅಷ್ಟಿದೆ, ಬೆವರಗ್ರಂಥಿಗೂ ಉಸಿರಿಲ್ಲ. ಬಿಳಿ ಕೂದಲೆಂದರೆ ಆ ಒತ್ತಡ ಇಂದಿನದಲ್ಲ, ಕೂದಲ ಬೇರಿನಲ್ಲಿ ಬಣ್ಣ ಕೊಡುವ ಕೋಶಗಳು ಸಾಯುವಷ್ಟು ಹಳೆಯದು. ನೋಡಿದವರು ಮಾಡಿದ ಪರಿಹಾರವೇನು? ಜೀನಿನ ಕೆಳಗೆ ಇನ್ನೊಂದು ದಪ್ಪ ಪ್ಯಾಡು. ಬಿಗಿಯಾದ ಬೂಟಿನೊಳಗೆ ಎರಡನೆಯ ಜೊತೆ ಕಾಲುಚೀಲ ಹಾಕಿದಂತೆ.

ಜೀನಿನೊಳಗೆ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಗಟ್ಟಿ ಹಂದರವಿದೆ, ಅದನ್ನು ಟ್ರೀ ಎನ್ನುತ್ತಾರೆ. ಅದರ ಕೋನ ಕುದುರೆಯ ಭುಜದ ಹಿಂದಿನ ಇಳಿಜಾರಿಗೆ ಹೊಂದದಿದ್ದರೆ ಮೇಲಿನ ಚರ್ಮ ಎಷ್ಟು ಮೆತ್ತಗಿದ್ದರೂ ವ್ಯರ್ಥ. ಜೀನನ್ನು ಪ್ಯಾಡಿಲ್ಲದೆ ಬರಿ ಬೆನ್ನ ಮೇಲಿಡಿ. ಭುಜದ ಮೂಳೆ ಹಿಂದಕ್ಕೆ ತಿರುಗುವಾಗ ಟ್ರೀಯ ತುದಿಗೆ ತಾಗಬಾರದು. ಸವಾರ ಕೂತ ಮೇಲೂ ದಿಬ್ಬಕ್ಕೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ನಡುವಿನ ಓಣಿ ಬೆನ್ನುಮೂಳೆಯ ಉದ್ದಕ್ಕೂ ಎಲ್ಲೂ ಮೂಳೆಯನ್ನು ಮುಟ್ಟಬಾರದು. ಕುದುರೆಗೆ 18 ಜೊತೆ ಪಕ್ಕೆಲುಬು. ಕೊನೆಯದನ್ನು ದಾಟಿ ಜೀನು ಹಿಂದಕ್ಕೆ ಹೋದರೆ ಭಾರ ಹೊರಲು ಅಲ್ಲಿ ಆಧಾರವಿಲ್ಲ. ಇದೆಲ್ಲ ನೋಡಲು ಹತ್ತು ನಿಮಿಷ ಸಾಕು. ನಮ್ಮ ದೇಶದ ಕಾನ್ಪುರ ಜೀನಿನ ಊರು, ಅಲ್ಲಿನ ಚರ್ಮದ ಜೀನು ಹೊರದೇಶಗಳಿಗೆ ಹೋಗುತ್ತದೆ, ಸಾಮಗ್ರಿಗೆ ಬರವಿಲ್ಲ. ಅಳೆದು ಕೊಳ್ಳುವ ಅಭ್ಯಾಸಕ್ಕೆ ಬರ. ಸವಾರನ ತೊಡೆಯುದ್ದ ನೋಡಿ ಸೀಟಿನ ಅಳತೆ ಹೇಳಿ ತರಿಸುತ್ತಾರೆ, ಬೆನ್ನಿನ ಅಳತೆ ಕೇಳುವವನಿಲ್ಲ. ಅದಕ್ಕೆ ಬೇಕಾದ್ದು ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಎಂಜಿನಿಯರಿಂಗ್ ಹುಡುಗರು ಡ್ರಾಯಿಂಗಿಗೆ ಬಳಸುವ ಬಾಗುವ ಅಳತೆಪಟ್ಟಿ. ಭುಜದ ಮೂಳೆಯ ಹಿಂದೆ ಎರಡು ಬೆರಳು ಬಿಟ್ಟು ಬೆನ್ನಿನ ಮೇಲೆ ಬಾಗಿಸಿ, ಹಾಳೆಗೆ ಗೆರೆ ಎಳೆದು, ದಿನಾಂಕ ಬರೆದಿಟ್ಟರೆ ಆಯಿತು.

ದಿನಾಂಕ ಯಾಕೆಂದರೆ ಹಸಿ ಕುದುರೆಯ ಬೆನ್ನು ಬದಲಾಗುತ್ತಲೇ ಇರುತ್ತದೆ. ರೇಸಿನಿಂದ ಬಂದಾಗ ದಿಬ್ಬ ಎತ್ತರ, ಅದರ ಅಕ್ಕಪಕ್ಕ ಗುಳಿ. ಕೆಲವು ತಿಂಗಳು ಹುಲ್ಲು, ಸಾವಧಾನದ ಕೆಲಸ ಸಿಕ್ಕರೆ ಆ ಗುಳಿ ಸ್ನಾಯುವಿನಿಂದ ತುಂಬುತ್ತದೆ. ಆಗ ಮೊದಲು ಸರಿಯಾಗಿದ್ದ ಜೀನೇ ಇಕ್ಕಟ್ಟು. ಹಾಗಾಗಿ ಚೆನ್ನಾಗಿ ಪಳಗುತ್ತಿರುವ ಕುದುರೆಯೇ ಒಂದು ದಿನ ಇದ್ದಕ್ಕಿದ್ದಂತೆ ‘ಕೆಟ್ಟು’ಹೋಗುತ್ತದೆ, ಅಂದೇ ಚಾವಟಿ ಹೊರಬರುತ್ತದೆ. ಇದರ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಿ: ಬೆನ್ನುಮೂಳೆಯ ಬೆಳೆಯುವ ತುದಿಗಳು ಮುಚ್ಚುವುದು ದೇಹದ ಎಲ್ಲ ಮೂಳೆಗಳಿಗಿಂತ ಕೊನೆಗೆ, ಐದಾರು ವರ್ಷಕ್ಕೆ. ಓಡಿ ಗೆದ್ದು ಬಂದ ನಾಲ್ಕು ವರ್ಷದ ಕುದುರೆಯ ಬೆನ್ನು ಇನ್ನೂ ಕಟ್ಟಡ ಕಾಮಗಾರಿಯಲ್ಲಿದೆ.

ಹೊಟ್ಟೆಪಟ್ಟಿ ಬಿಗಿದರೆ ಕಚ್ಚುವುದಕ್ಕೆ ಜೀನೊಂದೇ ಕಾರಣವಲ್ಲ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಒಸರುತ್ತಲೇ ಇರುತ್ತದೆ, ಮೇಯುತ್ತಲೇ ಇರಬೇಕಾದ ಪ್ರಾಣಿಗೆಂದು ಆದ ಏರ್ಪಾಡು ಅದು. ರೇಸ್ ಲಾಯದಲ್ಲಿ ಕಾಳು ಹೆಚ್ಚು, ಹುಲ್ಲು ಕಡಿಮೆ, ನಡುವೆ ಗಂಟೆಗಟ್ಟಲೆ ಖಾಲಿ ಹೊಟ್ಟೆ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಬಹುಪಾಲಿಗೆ ಹೊಟ್ಟೆಹುಣ್ಣಿರುತ್ತದೆ ಎಂಬುದು ಪಶುವೈದ್ಯರಿಗೆ ಹಳೆಯ ಸುದ್ದಿ. ಬಜಾರಿ ಎಂದು ಹೆಸರಿಡುವ ಮೊದಲು ಹುಲ್ಲಿನ ಬಲೆ ತುಂಬಿಡಬಹುದಿತ್ತು. ಆ ಕುದುರೆಗೆ ಆಮೇಲೆ ಅಗಲದ ಟ್ರೀ ಇರುವ ಬೇರೆ ಜೀನೂ ಬಂತು, ಔಷಧಿಯೂ ಆಯಿತು. ಒದೆಯುವುದು ನಿಂತಿತು. ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆಳೆಯುವುದು ಮಾತ್ರ ಬಹಳ ಕಾಲ ಉಳಿದಿತ್ತು. ನೋವು ಹೋದರೂ ನೆನಪು ಅಷ್ಟು ಬೇಗ ಹೋಗುವುದಿಲ್ಲ.

ಕೊನೆಗೆ ಉಳಿಯುವ ಆಕ್ಷೇಪ ದುಡ್ಡಿನದು, ಮತ್ತು ಅದೊಂದೇ ಪ್ರಾಮಾಣಿಕ ಆಕ್ಷೇಪ. “ಆರೇಳು ತಿಂಗಳು ಕುದುರೆಗೆ ಹಾಕುತ್ತಾ ಕೂತರೆ ಲಾಯ ನಡೆಸುವುದು ಹೇಗೆ? ಮೇವು, ಸೈಸ್ ಸಂಬಳ, ಲಾಳ, ಬಾಡಿಗೆ?” ಲೆಕ್ಕ ನಿಜ. ಆದರೆ ಅದು ಅರ್ಧ ಲೆಕ್ಕ. ತಿಂಗಳೊಳಗೆ ಪಾಠಕ್ಕಿಳಿಸಿದ ಕುದುರೆ ಬೆನ್ನು ಕೆಟ್ಟು, ಯಾರನ್ನಾದರೂ ಬೀಳಿಸಿ, ಅಪಾಯಕಾರಿ ಎನ್ನಿಸಿಕೊಂಡು, ಇನ್ನೂ ಕಡಿಮೆ ಬೆಲೆಗೆ ಇನ್ನೂ ಕೆಟ್ಟ ಜಾಗಕ್ಕೆ ಮಾರಾಟವಾಗುತ್ತದೆ. ಅದರ ಜಾಗಕ್ಕೆ ಮತ್ತೊಂದು ಬರುತ್ತದೆ. ಆ ನಷ್ಟವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ? ಕಾಯುವ ತಿಂಗಳುಗಳಿಗೂ ದೊಡ್ಡ ಖರ್ಚಿನ ಕೆಲಸವೇನೂ ಇಲ್ಲ. ಮೊದಲು ಬಯಲಿಗೆ ಬಿಟ್ಟು ವಿಶ್ರಾಂತಿ. ಆಮೇಲೆ ನೆಲದ ಮೇಲಿನ ಕೆಲಸ. ಎರಡು ಉದ್ದ ಹಗ್ಗ ಹಿಡಿದು ಹಿಂದೆ ನಡೆಯುತ್ತಾ ರಸ್ತೆ, ಟ್ರ್ಯಾಕ್ಟರ್, ಪ್ಲಾಸ್ಟಿಕ್ ಚೀಲ, ನಾಯಿ ಎಲ್ಲ ತೋರಿಸುವುದು. ಹಗ್ಗದ ತುದಿಯಲ್ಲಿ ಸುತ್ತು ಹಾಕಿಸುವುದಾದರೆ ಇಪ್ಪತ್ತು ಮೀಟರಿನ ದೊಡ್ಡ ಸುತ್ತು, ಅದೂ ಹತ್ತು ಹದಿನೈದು ನಿಮಿಷ. ಚಿಕ್ಕ ಸುತ್ತಿನಲ್ಲಿ ಗರಗರ ಓಡಿಸಿ ಸುಸ್ತು ಮಾಡುವುದು ಕೀಲಿಗೂ ಕೇಡು, ಕಲಿಕೆಗೂ ಕೇಡು. ಬೆನ್ನ ಮೇಲೆ ಕೂರುವ ಕೆಲಸ ಮೊದಲು ಹಗುರ ಮೈಯ, ಕೈ ಪಳಗಿದ ಸವಾರನದು, ದಿನಕ್ಕೆ ಇಪ್ಪತ್ತು ನಿಮಿಷ, ಬಹುಪಾಲು ನಡಿಗೆ. ಪಾಠಕ್ಕೆ ಬರುವ ಹೊಸಬರಿಗೆ ಹಳೆಯ, ಸಮಾಧಾನಿ ಕುದುರೆ.

ಇದನ್ನೆಲ್ಲ ಲಾಯದವರು ತಾವಾಗಿ ಮಾಡುತ್ತಾರೆಂದು ನನಗೆ ಭರವಸೆಯಿಲ್ಲ. ಕೊಳ್ಳುವವರು ಕೇಳಿದರೆ ಮಾಡುತ್ತಾರೆ. ಆದ್ದರಿಂದ ಕುದುರೆ ಕೊಳ್ಳಲು ಹೋದವರು ಅದು ಎಷ್ಟು ರೇಸ್ ಗೆದ್ದಿದೆ, ತಂದೆ ಯಾವ ಕುದುರೆ ಎಂದು ಕೇಳುವ ಮೊದಲು ಬಿಚ್ಚಿದ ಜೀನು, ಬಿಚ್ಚಿದ ಲಗಾಮಿನೊಂದಿಗೆ ಕುದುರೆಯನ್ನು ಅದರ ಕೋಣೆಯಲ್ಲೇ ನೋಡಬೇಕೆಂದು ಹೇಳಿ. ಬೆನ್ನಿನ ಮೇಲೆ ಕೈಯಾಡಿಸಿ, ಬಿಳಿ ಕೂದಲು ಹುಡುಕಿ. ನಿಮ್ಮ ಕಣ್ಣೆದುರೇ ಕಡಿವಾಣ ತೊಡಿಸಲಿ, ತೊಡಿಸುವಾಗ ತಲೆ ಎಷ್ಟು ಮೇಲೆ ಹೋಗುತ್ತದೆ ನೋಡಿ. ನಿಮ್ಮ ಎದುರೇ ಹೊಟ್ಟೆಪಟ್ಟಿ ಬಿಗಿಯಲಿ. ಮೊದಲು ಅವರ ಸವಾರ ಹತ್ತಲಿ, ಸಾದಾ ಸ್ನಾಫಲ್‌ನಲ್ಲಿ, ಮೂಗುಪಟ್ಟಿ ಸಡಿಲವಾಗಿ. ನೀವು ಹೋಗುವಷ್ಟರಲ್ಲಿ ಕುದುರೆಗೆ ಜೀನು ಹಾಕಿ, ಬೆವರು ಬರುವಷ್ಟು ಓಡಿಸಿ, ಅಂಗಳದಲ್ಲಿ ನಿಲ್ಲಿಸಿದ್ದರೆ ಏನೂ ಹೇಳದೆ ವಾಪಸು ಬನ್ನಿ. ಇನ್ನೊಂದು ದಿನ ಬೆಳಗಿನ ಜಾವ ಮೊದಲೇ ತಿಳಿಸದೆ ಹೋಗಿ.